ಎಫ್‌ಇಸಿ ಎಣಿಕೆ ನಾಲ್ಕು ಲಕ್ಷ ದಾಟಿದೆ: ಇಂಟರ್‌ಲೀವಿಂಗ್ ತೆಗೆಸಬೇಕೆ, ಬೇಡವೆ?

ಚಿಂಚವಡ_ಚಿಗರಿ (ಪುಣೆ)

ನಮಸ್ಕಾರ್ರಿ ಎಲ್ಲಾರಿಗೂ. ಎಡಿಎಸ್‌ಎಲ್2+ (ಫೋನ್ ತಂತಿ ಮ್ಯಾಲಿನ ಇಂಟರ್‌ನೆಟ್) ಲೈನಿಂದು, ಮೋಡೆಮ್ ತೋರಸೋ 24 ತಾಸಿನ ಅಂಕಿ ಹಾಕೀನಿ, ತಿಳಿದವರು ಸ್ವಲ್ಪ ನೋಡ್ರಿ.

ಡೌನ್ ಸಿಂಕ್ (ಇಳಿಕೆ ಕಡೆ ಲೈನಿನ ವೇಗ) 7104 ಕೆಬಿಪಿಎಸ್, ಅಟೆನ್ಯುಯೇಶನ್ (ದಾರಿಯಾಗ ಸಿಗ್ನಲ್ ಸೊರಗೋದು) 42 ಡಿಬಿ, ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಡಕೊಳ್ಳಲಿಕ್ಕೆ ಉಳಿದ ಅಂತರ) 6.8 ಡಿಬಿ.
ಬಿ 222, ಎಂ 1, ಆರ್ 16, ಎಸ್ 1.00, ಎಲ್ 1912, ಡಿ 64.
ಆರ್‌ಎಸ್ 34,56,00,000. ಆರ್‌ಎಸ್‌ಕರ್ 4,10,000. ಆರ್‌ಎಸ್‌ಅನ್‌ಕರ್ 2,176. ಸಿಆರ್‌ಸಿ 61. ಇಎಸ್ 33.
ಮೊದಲ ಹಾಪ್‌ಗೆ (ಆಚೆಯ ಮೊದಲ ರೂಟರ್‌ಗೆ) ಪಿಂಗ್, ಅಂದ್ರ ಹೋಗಿ ಬರೋ ಹೊತ್ತು, 31 ಮಿಲಿಸೆಕೆಂಡ್.

ನಾಲ್ಕು ಲಕ್ಷ ಎರರ್ ಅಂದ್ರ ಲೈನ್ ಕೆಟ್ಟದ ಅಂತ ಅರ್ಥ ಏನ್ರಿ? ಇಂಟರ್‌ಲೀವಿಂಗ್ (ಬೈಟ್‌ಗಳ ಸರದಿ ಕಲಸಿ ಕಳಿಸೋದು) ತೆಗೆಸಿ ಫಾಸ್ಟ್ ಪಾತ್ (ಕಲಸದ ನೇರ ದಾರಿ) ಮಾಡಿಸಿದ್ರ ಪಿಂಗ್ ಇಳೀತದ, ಡೌನ್‌ಲೋಡೂ ಜೋರಾಗ್ತದ ಅಂತಾರ. ಖರೇನ?

ಫಾಸ್ಟ್_ಪಾತ್_ಪಕ್ಷ (ಠಾಣೆ)

ತೆಗೆಸಿ ಮಾರಾಯ್ರೆ. ಗೇಮ್ ಆಡುವವರಿಗೆ, ವಿಡಿಯೋ ಕಾಲ್ ಮಾಡುವವರಿಗೆ ಇಂಟರ್‌ಲೀವಿಂಗ್ ಅಂದರೆ ಬರೀ ತಡ. ಡಿ, ಅಂದರೆ ಇಂಟರ್‌ಲೀವಿಂಗ್ ಆಳ, 64 ಬಹಳ ಆಯ್ತು. ಎಕ್ಸ್‌ಚೇಂಜಿಗೆ ಹೇಳಿ ಡಿ 1 ಮಾಡಿಸಿದರೆ ಪಿಂಗ್ ಹತ್ತರ ಒಳಗೆ ಬರ್ತದೆ.

ತಾಮ್ರದ_ತಂತಿ (ಮಾಟುಂಗಾ, ಮುಂಬಯಿ)

ಚಿಗರಿಯವರೆ, ಅವಸರ ಮಾಡಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ನೀವು ಹಾಕಿದ ಅಂಕಿಗಳಲ್ಲೇ ಇದೆ.

ಮೊದಲು, ಆ ನಾಲ್ಕು ಲಕ್ಷ ಎರರ್ ಅಲ್ಲ. ಆರ್‌ಎಸ್‌ಕರ್ ಎಂದರೆ ತಪ್ಪು ಬಂದು, ಮೋಡೆಮ್ ಅದನ್ನು ಪೂರ್ತಿ ಸರಿಮಾಡಿಕೊಂಡ ಕೋಡ್‌ವರ್ಡ್‌ಗಳ (ತಪ್ಪು ತಿದ್ದುವ ಬೈಟ್ ಸೇರಿಸಿ ಕಳಿಸುವ ಡೇಟಾ ತುಣುಕುಗಳ) ಲೆಕ್ಕ. ಕೆಲವು ಮೋಡೆಮ್‌ಗಳ ಪುಟದಲ್ಲಿ ಇದನ್ನೇ ಎಫ್‌ಇಸಿ (ತಪ್ಪು ತಿದ್ದುವಿಕೆ) ಎಂದು ತೋರಿಸುತ್ತಾರೆ. ನಿಮ್ಮ ಕಂಪ್ಯೂಟರಿಗೆ ಆ ತಪ್ಪುಗಳ ಸುಳಿವೂ ಸಿಕ್ಕಿಲ್ಲ. ನಷ್ಟ ಎಂದು ಎಣಿಸಬೇಕಾದ್ದು ಅನ್‌ಕರ್ (ಸರಿಮಾಡಲಾಗದ ಕೋಡ್‌ವರ್ಡ್), ಅದರಿಂದ ಹುಟ್ಟುವ ಸಿಆರ್‌ಸಿ (ಡೇಟಾ ತಾಳೆ ನೋಡಿದಾಗ ಸಿಕ್ಕ ತಪ್ಪು), ಮತ್ತು ಇಎಸ್, ಅಂದರೆ ತಪ್ಪು ಕಂಡ ಸೆಕೆಂಡುಗಳು. ದಿನಕ್ಕೆ 33 ಇಎಸ್ ಎಂದರೆ ಗಂಟೆಗೆ ಒಂದೂವರೆಗಿಂತ ಕಡಿಮೆ. ಇದು ಒಳ್ಳೆಯ ಲೈನು.

ಈಗ ಒಳಗೆ ಏನು ನಡೆಯುತ್ತದೆ ನೋಡೋಣ. ಎಡಿಎಸ್‌ಎಲ್ ಸೆಕೆಂಡಿಗೆ 4000 ಡೇಟಾ ಸಿಂಬಲ್ (ಒಂದು ಸಲಕ್ಕೆ ಹೋಗುವ ಬಿಟ್‌ಗಳ ಕಂತು) ಕಳಿಸುತ್ತದೆ, ಒಂದೊಂದಕ್ಕೆ 250 ಮೈಕ್ರೊಸೆಕೆಂಡ್. ನಿಮ್ಮ ಲೈನಿನಲ್ಲಿ ಎಲ್ 1912, ಅಂದರೆ ಸಿಂಬಲ್‌ಗೆ 1912 ಬಿಟ್, ಅದು 239 ಬೈಟ್. ಇದರಲ್ಲಿ 223 ಬೈಟ್ ಸರಕು (222 ಡೇಟಾ, 1 ಓವರ್‌ಹೆಡ್), ಮಿಕ್ಕ 16 ಬೈಟ್ (ಆರ್) ರೀಡ್–ಸಾಲೊಮನ್ ಪ್ಯಾರಿಟಿ, ಅಂದರೆ ತಪ್ಪು ತಿದ್ದಲು ಸೇರಿಸಿದ ಹೆಚ್ಚುವರಿ ಬೈಟ್‌ಗಳು. 222 × 8 × 4000 ಮಾಡಿ: ಸರಿಯಾಗಿ 7104 ಕೆಬಿಪಿಎಸ್. ಇರ್ವಿಂಗ್ ರೀಡ್, ಗುಸ್ತಾವ್ ಸಾಲೊಮನ್ ಇಬ್ಬರೂ 1960ರಲ್ಲಿ ಪ್ರಕಟಿಸಿದ ಈ ಕೋಡಿನ ನಿಯಮ ಸರಳ: ಎಲ್ಲಿ ತಪ್ಪಿದೆ ಎಂದು ಮೊದಲೇ ಗೊತ್ತಿಲ್ಲದಿದ್ದರೆ, ಪ್ಯಾರಿಟಿಯ ಅರ್ಧದಷ್ಟು ಬೈಟ್ ಸರಿಮಾಡಬಹುದು. ಆರ್ 16 ಇದ್ದರೆ ಪ್ರತಿ ಕೋಡ್‌ವರ್ಡಿನಲ್ಲಿ 8 ಬೈಟ್. ಒಂದು ಬೈಟಿನಲ್ಲಿ ಒಂದು ಬಿಟ್ ಕೆಟ್ಟರೂ ಎಂಟೂ ಬಿಟ್ ಕೆಟ್ಟರೂ ಅದಕ್ಕೆ ಒಂದೇ ಲೆಕ್ಕ.

ತೊಂದರೆ ಬರುವುದು ಸದ್ದು (ತಂತಿಗೆ ನುಗ್ಗುವ ಬೇಡದ ವಿದ್ಯುತ್ ಸಂಕೇತ) ಒಮ್ಮೆಲೇ ಸಿಡಿದಾಗ. ಒಂದು ಸ್ವಿಚ್ ಕಿಡಿ ಎರಡು ಸಿಂಬಲ್ ನುಂಗಿದರೆ 478 ಬೈಟ್ ಹೋಯಿತು. ಕೋಡ್‌ವರ್ಡಿಗೆ 8 ಬೈಟ್ ಸರಿಮಾಡುವ ಶಕ್ತಿ ಅಲ್ಲಿ ಏನೂ ಸಾಲದು. ಇಂಟರ್‌ಲೀವಿಂಗ್ ಬೇಕಾಗುವುದು ಇಲ್ಲೇ. ನಾಲ್ಕು ಪದ ತಗೊಳ್ಳಿ:

ಮಳೆಗಾಲ
ಹಲಸಿನ
ಕಡುಬಿನ
ಪರಿಮಳ

ಅಡ್ಡಸಾಲಾಗಿ ಕಳಿಸುವಾಗ ನಡುವೆ ನಾಲ್ಕು ಅಕ್ಷರ ಅಳಿಸಿಹೋದರೆ ‘ಹಲಸಿನ’ ಪೂರ್ತಿ ಮಾಯ. ಅದು ಹಲಸೋ ಬಾಳೆಯೋ ಯಾರಿಗೂ ಹೇಳಲಾಗದು. ಅದನ್ನೇ ಕಂಬಸಾಲಾಗಿ ಕಳಿಸಿ: ಮಹಕಪ, ಳೆಲಡುರಿ, ಗಾಸಿಬಿಮ, ಲನನಳ. ಈಗ ಎರಡನೆಯ ಗುಂಪು ಪೂರ್ತಿ ಅಳಿದರೂ, ಆಚೆ ಕಡೆ ಜೋಡಿಸಿದಾಗ ಸಿಗುವುದು ಮ‑ಗಾಲ, ಹ‑ಸಿನ, ಕ‑ಬಿನ, ಪ‑ಮಳ. ಒಂದೊಂದು ಪದಕ್ಕೆ ಒಂದೇ ಅಕ್ಷರ ಕಡಿಮೆ, ಓದುವವರೇ ತುಂಬಿಕೊಳ್ಳಬಹುದು. ಕಳೆದದ್ದು ಎರಡು ಸಲವೂ ನಾಲ್ಕೇ ಅಕ್ಷರ. ಆದರೆ ನಾಲ್ಕನೆಯ ಗುಂಪು ಬರುವ ತನಕ ಮೊದಲ ಪದವೂ ಪೂರ್ತಿಯಾಗದು. ಪಿಂಗ್ ಏರುವುದು ಈ ಕಾಯುವಿಕೆಯಿಂದ.

ಡಿ 64 ಎಂದರೆ ಒಂದು ಕೋಡ್‌ವರ್ಡಿನ ಪಕ್ಕಪಕ್ಕದ ಬೈಟ್‌ಗಳು ತಂತಿಯ ಮೇಲೆ 64 ಬೈಟ್ ಅಂತರದಲ್ಲಿ ಹೋಗುತ್ತವೆ. ಹಾಗಾಗಿ ಒಂದೇ ಪೆಟ್ಟಿಗೆ 64 × 8 = 512 ಬೈಟ್ ಕೆಟ್ಟರೂ ನಿಮ್ಮ ಮೋಡೆಮ್ ತಡೆದುಕೊಳ್ಳುತ್ತದೆ. ಕಾಲದ ಲೆಕ್ಕದಲ್ಲಿ 2.14 ಸಿಂಬಲ್, ಸುಮಾರು 535 ಮೈಕ್ರೊಸೆಕೆಂಡ್. ಇದೇ ಐಎನ್‌ಪಿ, ಸಿಂಬಲ್ ಲೆಕ್ಕದಲ್ಲಿ ಸಿಡಿತ ತಡೆಯುವ ಶಕ್ತಿ. ಸೂತ್ರ: ಎಸ್ × ಡಿ × ಆರ್ ಗುಣಿಸಿ, ಎನ್‌ನ ಎರಡರಷ್ಟರಿಂದ ಭಾಗಿಸಿ (ಎನ್ ಅಂದರೆ ಪ್ಯಾರಿಟಿ ಸೇರಿ ಇಡೀ ಕೋಡ್‌ವರ್ಡ್, ಇಲ್ಲಿ 239; ಎಸ್ ಅಂದರೆ ಒಂದು ಕೋಡ್‌ವರ್ಡಿಗೆ ಎಷ್ಟು ಸಿಂಬಲ್, ಇಲ್ಲಿ 1). ವಿಳಂಬಕ್ಕೆ ಎಸ್ × ಡಿ ÷ 4, ಮಿಲಿಸೆಕೆಂಡಿನಲ್ಲಿ. ನಿಮ್ಮದು 16.

ಫಾಸ್ಟ್_ಪಾತ್_ಪಕ್ಷ (ಠಾಣೆ)

ಹದಿನಾರು ಮಿಲಿಸೆಕೆಂಡ್ ಸುಮ್ಮನೆ ಕೊಡುವುದು ಯಾಕೆ, ಅವರ ಲೈನು ಒಳ್ಳೆಯದು ಅಂತ ನೀವೇ ಹೇಳಿದ್ದಲ್ವಾ? 61 ಸಿಆರ್‌ಸಿ ಅಷ್ಟೆ ಇರುವುದು.

ತಾಮ್ರದ_ತಂತಿ (ಮಾಟುಂಗಾ, ಮುಂಬಯಿ)

ಆ 61 ಇಂಟರ್‌ಲೀವಿಂಗ್ ಇರುವುದರಿಂದ 61. ತೆಗೆದರೆ ಎಷ್ಟಾದೀತು ಎಂದು ಅಂದಾಜು ಕಟ್ಟಬಹುದು.

ಡಿ 64 ಇದ್ದಾಗ ಯಾವ ಕ್ಷಣ ನೋಡಿದರೂ ಸುಮಾರು 64 ಕೋಡ್‌ವರ್ಡ್ ಒಟ್ಟಿಗೆ ತಂತಿಯ ಮೇಲಿರುತ್ತವೆ. ಒಂದು ಸಿಡಿತ ಬಿದ್ದರೆ ಅಷ್ಟಕ್ಕೂ ಸ್ವಲ್ಪ ಸ್ವಲ್ಪ ತಾಗುತ್ತದೆ. 4,10,000 ಸರಿಪಡಿಸಿದ ಕೋಡ್‌ವರ್ಡ್‌ಗಳನ್ನು 64ರಿಂದ ಭಾಗಿಸಿ: ದಿನಕ್ಕೆ ಸುಮಾರು 6,400 ಸಿಡಿತ. ಅದೇ ರೀತಿ 2,176 ಅನ್ನು 64ರಿಂದ ಭಾಗಿಸಿದರೆ 34. ಅಂದರೆ 34 ಸಲ ಮಾತ್ರ ಪೆಟ್ಟು 512 ಬೈಟಿನ ಮಿತಿ ಮೀರಿದೆ. ಇಎಸ್ 33 ಇದೆ, ಲೆಕ್ಕ ಕೂಡುತ್ತದೆ. ಒಂದೊಂದು ಕೋಡ್‌ವರ್ಡ್ ತಾನಾಗಿ ಕೆಟ್ಟದ್ದೂ ಇದರಲ್ಲಿ ಬೆರೆತಿರಬಹುದು, ಆದ್ದರಿಂದ 6,400 ಅಂದಾಜೇ. ಆದರೂ ಡಿ 1 ಮಾಡಿಸಿದರೆ 8 ಬೈಟಿಗಿಂತ ದೊಡ್ಡ ಪ್ರತಿ ಸಿಡಿತವೂ ಸಿಆರ್‌ಸಿ ಆಗುತ್ತದೆ. ಅರವತ್ತೊಂದು ಹೋಗಿ ಸಾವಿರಗಳಲ್ಲಿ ಎಣಿಸಬೇಕಾದೀತು. ವಿಡಿಯೋ ಕಾಲಿನಲ್ಲಿ 16 ಮಿಲಿಸೆಕೆಂಡ್ ತಡ ಯಾರಿಗೂ ತಿಳಿಯುವುದಿಲ್ಲ. ಮಾತು ನಡುವೆ ಕತ್ತರಿಸಿದರೆ ಎಲ್ಲರಿಗೂ ತಿಳಿಯುತ್ತದೆ.

ಡೌನ್‌ಲೋಡ್ ಜೋರಾಗುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. ಇಂಟರ್‌ಲೀವರ್ ಬೈಟ್‌ಗಳ ಸರದಿ ಮಾತ್ರ ಬದಲಿಸುತ್ತದೆ, ಒಂದು ಬೈಟನ್ನೂ ಹೆಚ್ಚು ಮಾಡುವುದಿಲ್ಲ. ಜಾಗ ತಿನ್ನುವುದು ಪ್ಯಾರಿಟಿ, 239ಕ್ಕೆ 16, ಶೇ. 6.7. ಆದರೆ ಅದೇ ಪ್ಯಾರಿಟಿ ಸಾಮಾನ್ಯ ಸದ್ದಿನ ಎದುರೂ ಕೆಲವು ಡಿಬಿ ಲಾಭ ಕೊಡುತ್ತದೆ. ಆ ಬಲದ ಮೇಲೆ ಮೋಡೆಮ್ ಪ್ರತಿ ಟೋನಿನಲ್ಲೂ (ಲೈನು ಬಳಸುವ ಒಂದೊಂದು ಕಿರು ಆವರ್ತನದಲ್ಲೂ) ಹೆಚ್ಚು ಬಿಟ್ ತುಂಬುತ್ತದೆ. 42 ಡಿಬಿ ಲೈನಿನಲ್ಲಿ ಪ್ಯಾರಿಟಿ ಕಿತ್ತರೆ ಸಿಂಕ್ ಏರುವ ಬದಲು ಇಳಿಯುವುದೇ ಹೆಚ್ಚು. ಟ್ರೆಲಿಸ್ ಡಿಕೋಡರ್ (ರೀಡ್–ಸಾಲೊಮನ್‌ಗೆ ಮೊದಲು ತಪ್ಪು ತಿದ್ದುವ ಇನ್ನೊಂದು ಹಂತ) ತಪ್ಪುವಾಗಲೂ ಗುಂಪಾಗಿ ತಪ್ಪುತ್ತದೆ. ಅದನ್ನು ಹರಡುವುದಕ್ಕೂ ಅಲ್ಪಸ್ವಲ್ಪ ಇಂಟರ್‌ಲೀವಿಂಗ್ ಬೇಕು.

ನಿಮ್ಮ ಪಕ್ಷದಲ್ಲೂ ಒಂದು ನ್ಯಾಯವಿದೆ, ಅದನ್ನು ಒಪ್ಪಬೇಕು. ಮಿತಿ ಮೀರಿದ ಪೆಟ್ಟು ಬಿದ್ದಾಗ ಇಂಟರ್‌ಲೀವ್ ಮಾಡಿದ ಲೈನಿಗೇ ಹೆಚ್ಚು ಹಾನಿ. ಫಾಸ್ಟ್ ಪಾತ್‌ನಲ್ಲಿ 3 ಸಿಂಬಲ್ ಪೆಟ್ಟಿಗೆ ಸುಮಾರು 1 ಮಿಲಿಸೆಕೆಂಡಿನ ಡೇಟಾ ಹೋದರೆ, ಇಲ್ಲಿ 64 ಕೋಡ್‌ವರ್ಡ್, 16 ಮಿಲಿಸೆಕೆಂಡಿನ ಡೇಟಾಕ್ಕೆ ಕಲೆ ಹತ್ತುತ್ತದೆ. ಸಿಡಿತಗಳೆಲ್ಲ ದೊಡ್ಡವೇ ಆಗಿದ್ದರೆ ಆಳದ ಇಂಟರ್‌ಲೀವಿಂಗ್ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ.

ಚಿಂಚವಡ_ಚಿಗರಿ (ಪುಣೆ)

ಈಗ ತಿಳೀತು ನೋಡ್ರಿ. ಇನ್ನೊಂದು ಸಂಶಯ. 16 ತೆಗೆದ್ರೂ 15 ಉಳೀತದ. ಅದು ಎಲ್ಲಿಂದ ಬಂತು? ಅಪ್ ಕಡೆ ಎಸ್ 4, ಡಿ 8 ತೋರಸ್ತದ.

ತಾಮ್ರದ_ತಂತಿ (ಮಾಟುಂಗಾ, ಮುಂಬಯಿ)

ಅಪ್ ಕಡೆಗೂ ಅದೇ ಸೂತ್ರ: 4 × 8 ÷ 4 = 8 ಮಿಲಿಸೆಕೆಂಡ್. ಪಿಂಗ್ ಹೋಗಿ ಬರುವ ದಾರಿ, ಎರಡೂ ಕೂಡುತ್ತವೆ. 24 ಆಯಿತು. ಉಳಿದ 7 ಮೋಡೆಮ್, ಡಿಎಸ್‌ಲ್ಯಾಮ್ (ಎಕ್ಸ್‌ಚೇಂಜ್ ಕಡೆಯ ಯಂತ್ರ) ಮತ್ತು ಆಚೆಯ ರೂಟರ್‌ಗೆ ಸೇರಿದ್ದು. ಎರಡು ದಿಕ್ಕಿನ ಆಳವನ್ನೂ ಬೇರೆಬೇರೆಯಾಗಿ ಇಡಬಹುದು, ಆದ್ದರಿಂದ ‘ಇಂಟರ್‌ಲೀವಿಂಗ್ ಕಡಿಮೆ ಮಾಡಿ’ ಎಂದಷ್ಟೇ ಹೇಳಿದರೆ ಸಾಲದು, ಯಾವ ದಿಕ್ಕು ಎಂದು ಹೇಳಬೇಕು.

ಮಾಂಡವಿ_ದಂಡೆ (ಪಣಜಿ)

ಸದ್ದಿನ ಜಾತಿ ಯಾವುದು ಎಂದು ನೋಡದೆ ಡಿ ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ. ಎಲ್ಲ ಸದ್ದಿಗೂ ಇಂಟರ್‌ಲೀವಿಂಗ್ ಮದ್ದಲ್ಲ.

ಉದಾಹರಣೆಗೆ ಮೀಡಿಯಂ ವೇವ್ ರೇಡಿಯೊ. ಆಕಾಶವಾಣಿ ಪುಣೆ 792 ಕಿಲೊಹರ್ಟ್ಸ್, ಪಣಜಿ 1287. ಎಡಿಎಸ್‌ಎಲ್ ಟೋನುಗಳ ನಡುವಿನ ಅಂತರ 4.3125 ಕಿಲೊಹರ್ಟ್ಸ್. ಭಾಗಿಸಿ ನೋಡಿದರೆ ಪುಣೆ ಕೇಂದ್ರ ಬೀಳುವುದು 183–184ನೇ ಟೋನಿನ ಮೇಲೆ, ಪಣಜಿ 298ರ ಮೇಲೆ. ಪಣಜಿಯದ್ದು ಹಳೆಯ 256 ಟೋನಿನ ಎಡಿಎಸ್‌ಎಲ್‌ಗೆ ತಾಗುವುದೇ ಇಲ್ಲ, 512 ಟೋನಿನ ಎಡಿಎಸ್‌ಎಲ್2+ಗೆ ಮಾತ್ರ. ಮೋಡೆಮ್‌ನ ಬಿಟ್ ಲೋಡಿಂಗ್ ಚಿತ್ರದಲ್ಲಿ ಆ ಜಾಗದಲ್ಲಿ ಗುಂಡಿ ಕಂಡರೆ ರೇಡಿಯೊ ಒಳನುಗ್ಗಿದೆ ಎಂದೇ ತಿಳಿಯಿರಿ. ಇದು ಎಡೆಬಿಡದೆ ಇರುವ ಸದ್ದು. ಆ ಟೋನುಗಳಲ್ಲಿ ಬಿಟ್ ಕಡಿಮೆ ತುಂಬಿ ಮೋಡೆಮ್ ತಾನೇ ಹೊಂದಿಕೊಳ್ಳುತ್ತದೆ. ಡಿ ಎಷ್ಟಿದ್ದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಎರಡನೆಯದು ಒಂಟಿ ಸಿಡಿತ: ಸ್ವಿಚ್, ಪಂಪಿನ ಸ್ಟಾರ್ಟರ್, ಲಿಫ್ಟಿನ ಕಾಂಟ್ಯಾಕ್ಟರ್, ಹಳೆಯ ಟ್ಯೂಬ್‌ಲೈಟಿನ ಸ್ಟಾರ್ಟರ್. ಇಂಟರ್‌ಲೀವಿಂಗ್ ಹುಟ್ಟಿದ್ದೇ ಇದಕ್ಕಾಗಿ.

ಮೂರನೆಯದು ಮರುಕಳಿಸುವ ಸಿಡಿತ, ರೀನ್ ಎನ್ನುತ್ತಾರೆ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಡ್ರೈವರ್, ಫಿಲ್ಟರ್ ಇಲ್ಲದ ಚಾರ್ಜರ್ ಇವೆಲ್ಲ 50 ಹರ್ಟ್ಸ್ ವಿದ್ಯುತ್ತಿನ ಪ್ರತಿ ಅರ್ಧ ಅಲೆಗೂ ಒಂದು ಪೆಟ್ಟು ಕೊಡುತ್ತವೆ. ಸೆಕೆಂಡಿಗೆ 100, ಅಂದರೆ 10 ಮಿಲಿಸೆಕೆಂಡಿಗೊಂದು. ಇಲ್ಲಿ ಗಮನವಿಟ್ಟು ನೋಡಿ: ಚಿಗರಿಯವರ ಕೋಡ್‌ವರ್ಡ್ 16 ಮಿಲಿಸೆಕೆಂಡ್ ಉದ್ದಕ್ಕೆ ಹರಡಿದೆ. ಒಂದೇ ಕೋಡ್‌ವರ್ಡಿಗೆ ಎರಡು ಪೆಟ್ಟು ಬೀಳಬಹುದು. ಆಗ ಇರುವ 8 ಬೈಟ್ ಶಕ್ತಿಯನ್ನು ಎರಡೂ ಹಂಚಿಕೊಳ್ಳಬೇಕು, ಒಂದಕ್ಕೆ 4 ಬೈಟ್. 64 × 4 = 256 ಬೈಟ್. ಡಿ 32 ಇದ್ದಿದ್ದರೆ ಹರಹು 8 ಮಿಲಿಸೆಕೆಂಡ್, ಒಂದೇ ಪೆಟ್ಟು, 32 × 8 = ಅದೇ 256 ಬೈಟ್. ಹಾಗಾದರೆ ರೀನ್ ಎದುರು ಡಿ 64 ಒಂದು ಬೈಟಿನಷ್ಟೂ ಹೆಚ್ಚು ಕಾಯುವುದಿಲ್ಲ, 8 ಮಿಲಿಸೆಕೆಂಡ್ ತಡ ಮಾತ್ರ ಸುಮ್ಮನೆ ತರುತ್ತದೆ.

ಚಿಂಚವಡ_ಚಿಗರಿ (ಪುಣೆ)

ನನ್ನ ಲೈನಿನ್ಯಾಗ ಯಾವುದದ ಅಂತ ಹ್ಯಾಂಗ ಗೊತ್ತುಹಿಡೀಬೇಕ್ರಿ?

ಮಾಂಡವಿ_ದಂಡೆ (ಪಣಜಿ)

24 ತಾಸಿನ ಒಟ್ಟು ಲೆಕ್ಕದಿಂದ ತಿಳಿಯದು. 15 ನಿಮಿಷಕ್ಕೊಮ್ಮೆ ಆರ್‌ಎಸ್‌ಕರ್ ಬರೆದುಕೊಳ್ಳಿ, ಒಂದು ಇಡೀ ದಿನ. ನಿಮ್ಮಲ್ಲಿ ಎಸ್ 1 ಇರುವುದರಿಂದ ಸೆಕೆಂಡಿಗೆ 4000 ಕೋಡ್‌ವರ್ಡ್. ರೀನ್ ಹತ್ತಿಕೊಂಡರೆ ಒಂದು ಕೋಡ್‌ವರ್ಡೂ ಪೆಟ್ಟು ತಪ್ಪಿಸಿಕೊಳ್ಳದು, ಆರ್‌ಎಸ್‌ಕರ್ ಸೆಕೆಂಡಿಗೆ ಹೆಚ್ಚೂಕಡಿಮೆ 4000ರಂತೆ ಓಡುತ್ತದೆ. ನಿಮ್ಮ 4,10,000 ಪೂರ್ತಿ ರೀನ್ ಆಗಿದ್ದರೆ 102 ಸೆಕೆಂಡಿನಲ್ಲೇ ಮುಗಿದಿರಬೇಕು. ಹಾಗಾಗಿ ದಿನವಿಡೀ ಉರಿಯುವ ಬಲ್ಬೋ ಚಾರ್ಜರೋ ಖಂಡಿತ ಅಲ್ಲ. ಎಣಿಕೆ ದಿನವಿಡೀ ಚೂರುಚೂರೇ ಏರಿದ್ದರೆ ಒಂಟಿ ಸಿಡಿತಗಳು. ಒಂದೆರಡು ಕಂತಿನಲ್ಲಿ ಮಾತ್ರ ದಿಢೀರ್ ಏರಿದ್ದರೆ ಆ ಹೊತ್ತಿಗೆ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಏನು ಶುರುವಾಯಿತು ಎಂದು ಹುಡುಕಿ. ಮಿಕ್ಸಿಯಂಥ ಬ್ರಶ್ ಮೋಟರು ತಿರುಗುವಷ್ಟು ಹೊತ್ತೂ ಸದ್ದು ಮಾಡುತ್ತದೆ. ಸೊಸೈಟಿಯ ನೀರಿನ ಪಂಪ್ ಇಂಡಕ್ಷನ್ ಮೋಟರು, ಅದು ಹಚ್ಚುವಾಗ, ಆರಿಸುವಾಗ ಮಾತ್ರ.

ಪತ್ತೆಗೆ ಸೆಲ್ ಹಾಕುವ ಸಣ್ಣ ಎಎಂ ರೇಡಿಯೊ ಸಾಕು. 600 ಕಿಲೊಹರ್ಟ್ಸ್ ಆಸುಪಾಸು ಸ್ಟೇಶನ್ ಇಲ್ಲದ ಜಾಗಕ್ಕೆ ಮುಳ್ಳು ಇಟ್ಟು ಫೋನ್ ತಂತಿಯ ಗುಂಟ, ಸ್ವಿಚ್‌ಬೋರ್ಡುಗಳ ಹತ್ತಿರ ನಡೆಯಿರಿ. ಗುಂಯ್ ಎನ್ನುವ ಸದ್ದು ಜೋರಾದ ಕಡೆ ಒಂದೊಂದೇ ಉಪಕರಣ ಆರಿಸಿ ನೋಡಿ.

ರೋಸೆಟ್_ರಿಪೇರಿ (ವಾಶಿ, ನವಿ ಮುಂಬಯಿ)

ಪ್ರೊಫೈಲ್ ಬದಲಿಸುವ ಮಾತಿಗೆ ಮೊದಲು ಮನೆಯೊಳಗಿನ ತಂತಿ ನೋಡಿ ಅಣ್ಣ. ಸದ್ದು ಒಳಬರುವುದೇ ಅಲ್ಲಿಂದ.

ಮೊದಲು ಹೋಲಿಕೆಗೆ ಒಂದು ಅಳತೆ ಬೇಕು. ಎಲ್ಲ ಎಕ್ಸ್‌ಟೆನ್ಶನ್, ಪ್ಯಾರಲಲ್ ಫೋನ್ ಕಳಚಿ. ಹೊರಗಿನಿಂದ ಬರುವ ಡ್ರಾಪ್ ವೈರ್ ಮೊದಲು ತಾಗುವ ರೋಸೆಟ್‌ಗೆ (ಗೋಡೆಯ ಫೋನ್ ಡಬ್ಬಿಗೆ) ಮೋಡೆಮ್ ಒಂದನ್ನೇ ನೇರ ಹಾಕಿ, ಸ್ಪ್ಲಿಟರ್ (ಫೋನ್, ಇಂಟರ್‌ನೆಟ್ ಬೇರ್ಪಡಿಸುವ ಡಬ್ಬಿ) ಕೂಡ ಬೇಡ. ಮೋಡೆಮ್ ರೀಸ್ಟಾರ್ಟ್ ಮಾಡಿದರೆ ಎಣಿಕೆ ಸೊನ್ನೆಯಾಗುತ್ತದೆ. ಮುಟ್ಟದೆ 24 ತಾಸು ಬಿಡಿ. ಬಳಿಕ ಮಾಮೂಲಿ ಜೋಡಣೆಯಲ್ಲಿ ಇನ್ನೊಂದು 24 ತಾಸು. ಮಾರ್ಜಿನ್ 2–3 ಡಿಬಿ ಬಿದ್ದರೆ, ಅಥವಾ ಆರ್‌ಎಸ್‌ಕರ್ ಹಲವು ಪಟ್ಟು ಏರಿದರೆ ತಪ್ಪು ಮನೆಯೊಳಗಿದೆ, ಎಕ್ಸ್‌ಚೇಂಜಿಗೆ ದೂರಿ ಫಲವಿಲ್ಲ.

ನಂತರ ರೋಸೆಟ್ ಬಿಚ್ಚಿ. ಕರಾವಳಿ ಗಾಳಿಯ ಊರುಗಳಲ್ಲಿ, ಮುಂಬಯಿ ಇರಲಿ ಗೋವಾ ಇರಲಿ, ಸ್ಕ್ರೂ ಕೆಳಗಿನ ತಾಮ್ರ ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಹಿಡಿದಿರುತ್ತದೆ. ಮುಟ್ಟಿದರೆ ಪುಡಿ ಉದುರುತ್ತದೆ. ಹಸಿರು ಹಿಡಿದಷ್ಟನ್ನೂ ಕತ್ತರಿಸಿ ಬಿಸಾಡಿ, ಹೊಸದಾಗಿ 1 ಸೆಂಟಿಮೀಟರ್ ಸುಲಿದು, ಸ್ಕ್ರೂ ತಿರುಗುವ ದಿಕ್ಕಿಗೇ ಸುತ್ತಿ ಬಿಗಿ ಮಾಡಿ. ಸ್ಕ್ರೂ, ವಾಶರ್ ತುಕ್ಕಾಗಿದ್ದರೆ ರೋಸೆಟ್ಟೇ ಬದಲಿಸಿ. ತಂತಿ ಕೂಡಿಸಬೇಕಾದರೆ ಕೈಯಲ್ಲಿ ತಿರುಚಿ ಟೇಪ್ ಸುತ್ತಬೇಡಿ, ಜೆಲ್ಲಿ ತುಂಬಿದ ಕನೆಕ್ಟರ್ ಹಾಕಿ ಇಕ್ಕಳದಿಂದ ಅದುಮಿ.

ರೋಸೆಟ್‌ನಿಂದ ಮೋಡೆಮ್‌ಗೆ ಹೋಗುವ ಚಪ್ಪಟೆ ತಂತಿ ಉದ್ದವಿದ್ದರೆ ತೆಗೆದುಬಿಡಿ. ಅದರಲ್ಲಿ ಹೊಸೆತ ಇಲ್ಲ, ಆಂಟೆನಾ ಥರ ಸದ್ದು ಹಿಡಿಯುತ್ತದೆ. ಕ್ಯಾಟ್5 ಕೇಬಲ್‌ನ ಒಂದೇ ಜೋಡಿ ಬಳಸಿ, ನೀಲಿ ಮತ್ತು ನೀಲಿ-ಬಿಳಿ. ನೀಲಿ ಒಂದು, ಕಿತ್ತಳೆ ಒಂದು ಅಂತ ಬೇರೆ ಬೇರೆ ಜೋಡಿಯಿಂದ ಆರಿಸಿದರೆ ಹೊಸೆತದ ಲಾಭ ಪೂರ್ತಿ ಹೋಯಿತು. ಕರೆಂಟ್ ತಂತಿಯ ಪೈಪಿನಲ್ಲಿ ಇದನ್ನು ತೂರಿಸಬೇಡಿ.

ಫೋನ್ ರಿಂಗಾದಾಗ ಅಥವಾ ರಿಸೀವರ್ ಎತ್ತಿದಾಗ ಸಿಂಕ್ ಹೋಗುತ್ತದಾ? ಅದು ಇಂಟರ್‌ಲೀವಿಂಗ್ ಸರಿಮಾಡುವ ತೊಂದರೆ ಅಲ್ಲವೇ ಅಲ್ಲ. ಸ್ಪ್ಲಿಟರ್ ಹೋಗಿದೆ, ಇಲ್ಲವೇ ಎಲ್ಲೋ ಒಂದು ಜಾಯಿಂಟ್ ಸಡಿಲಾಗಿದೆ. ರಿಸೀವರ್ ಕಿವಿಗಿಟ್ಟು ಒಂದು ಅಂಕಿ ಒತ್ತಿ, ಡಯಲ್ ಟೋನ್ ನಿಂತ ಮೇಲೆ ಚಟಪಟ ಕೇಳಿದರೆ ಲೈನ್‌ಮನ್‌ಗೆ ಅದನ್ನೇ ಹೇಳಿ. ಡಿಪಿ ಬಾಕ್ಸಿನಿಂದ ಪಿಲ್ಲರ್‌ವರೆಗೆ ನೋಡುವುದು ಅವರ ಕೆಲಸ, ನಾವು ಮುಟ್ಟುವಂತಿಲ್ಲ.

ಫಾಸ್ಟ್_ಪಾತ್_ಪಕ್ಷ (ಠಾಣೆ)

ಒಪ್ಪಿದೆ. ತಂತಿ ಸರಿಮಾಡಿ ಆರ್‌ಎಸ್‌ಕರ್ ಇಳಿದ ಮೇಲೆ ಕೇಳುವುದು ಸರಿ. ಆದರೆ ಮೋಡೆಮ್‌ನಲ್ಲೇ ಡಿ ಬದಲಿಸಲಿಕ್ಕೆ ಆಗುದಿಲ್ವಾ? ಬ್ರಾಡ್‌ಕಾಮ್ ಚಿಪ್ ಇರುವುದರಲ್ಲಿ ಟೆಲ್ನೆಟ್ (ಮೋಡೆಮ್‌ಗೆ ಆಜ್ಞೆ ಟೈಪ್ ಮಾಡುವ ದಾರಿ) ಉಂಟಲ್ಲ.

ತಾಮ್ರದ_ತಂತಿ (ಮಾಟುಂಗಾ, ಮುಂಬಯಿ)

ಆಗುವುದಿಲ್ಲ. ಗರಿಷ್ಠ ವಿಳಂಬ, ಕನಿಷ್ಠ ಐಎನ್‌ಪಿ ಇವೆರಡೂ ಡಿಎಸ್‌ಲ್ಯಾಮ್‌ನ ಲೈನ್ ಪ್ರೊಫೈಲ್‌ನಲ್ಲಿ ಇರುತ್ತವೆ. ಆ ಮಿತಿಯೊಳಗೆ ಆರ್, ಎಸ್, ಡಿ ಎಷ್ಟಿರಬೇಕೆಂದು ಎರಡೂ ತುದಿ ಟ್ರೇನಿಂಗ್ (ಲೈನು ಕೂಡಿಕೊಳ್ಳುವ) ಹೊತ್ತಿನಲ್ಲಿ ತೀರ್ಮಾನಿಸುತ್ತವೆ. ಬ್ರಾಡ್‌ಕಾಮ್ ಮೋಡೆಮ್‌ನಲ್ಲಿ ಟೆಲ್ನೆಟ್ ಮೂಲಕ ಮುಟ್ಟಲು ಸಿಗುವುದು ಗುರಿ ಮಾರ್ಜಿನ್. ಅದನ್ನು ಏರಿಸಿದರೆ ಸಿಂಕ್ ಇಳಿದು ಲೈನು ಗಟ್ಟಿಯಾಗುತ್ತದೆ. ಎಡೆಬಿಡದ ಸದ್ದು ರಾತ್ರಿ ಏರುವ ಲೈನಿಗೆ ಅದು ಒಳ್ಳೆಯ ಉಪಾಯ, ದೊಡ್ಡ ಸಿಡಿತಕ್ಕೆ ಅಷ್ಟಕ್ಕಷ್ಟೆ.

ಚಿಗರಿಯವರು ಎಕ್ಸ್‌ಚೇಂಜಿಗೆ ಬರೆಯುವಾಗ ‘ಫಾಸ್ಟ್ ಪಾತ್ ಕೊಡಿ’ ಎನ್ನುವ ಬದಲು ಹೀಗೆ ಬರೆಯಲಿ: ಡೌನ್ ಗರಿಷ್ಠ ವಿಳಂಬ 8 ಮಿಲಿಸೆಕೆಂಡ್, ಕನಿಷ್ಠ ಐಎನ್‌ಪಿ 1. ಇದೇ ಕೋಡ್‌ವರ್ಡಿಗೆ ಡಿ 32 ಬಂದರೆ ಐಎನ್‌ಪಿ 1.07, ಪಿಂಗ್ 31ರಿಂದ 23. ಕಾವಲು ಅರ್ಧ ಉಳಿಯುತ್ತದೆ, ತಡ ಅರ್ಧ ಹೋಗುತ್ತದೆ.

ವಿಡಿಎಸ್‌ಎಲ್2 (ಅದೇ ಫೋನ್ ತಂತಿಯ ಮೇಲಿನ ಹೆಚ್ಚು ವೇಗದ ಬಗೆ) ಇರುವವರು ಇಷ್ಟೆಲ್ಲ ತೂಗಬೇಕಿಲ್ಲ, ಎರಡೂ ತುದಿ ಜಿ.ಇನ್ಪ್ ಬಲ್ಲವಾದರೆ. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) 2010ರಲ್ಲಿ ಜಿ.998.4 ಎಂದು ತಂದ ಕ್ರಮ ಅದು: ಕೆಟ್ಟ ತುಣುಕನ್ನು ಮಾತ್ರ ಮತ್ತೆ ಕಳಿಸುತ್ತದೆ. ಸಿಡಿತ ಬಿದ್ದಾಗಷ್ಟೇ ತಡ, ಉಳಿದ ಹೊತ್ತು ಇಲ್ಲ. ಅಂಕಿ ಪುಟದಲ್ಲಿ ಆರ್‌ಟಿಎಕ್ಸ್ ಎಂಬ ಸಾಲುಗಳು ಸೊನ್ನೆ ಬಿಟ್ಟು ಓಡುತ್ತಿದ್ದರೆ ಅದು ಕೆಲಸ ಮಾಡುತ್ತಿದೆ. ಫೈಬರಿಗೆ ಹೋದವರೂ ಇದೇ ಕೋಡಿನ ನೆರಳಲ್ಲೇ ಇರುತ್ತಾರೆ. ಜಿಪಾನ್‌ನ (ಮನೆಗೆ ಬರುವ ಫೈಬರಿನ ಒಂದು ಬಗೆ) ಎಫ್‌ಇಸಿ ಕೂಡ ರೀಡ್–ಸಾಲೊಮನ್, 255 ಬೈಟಿಗೆ 239 ಡೇಟಾ, ಪ್ಯಾರಿಟಿ ಅದೇ 16.

ಚಿಂಚವಡ_ಚಿಗರಿ (ಪುಣೆ)

ಭಾಳ ಉಪಕಾರ ಆತ್ರಿ. ಮೊದಲ ರೋಸೆಟ್, ಆಮೇಲೆ 15 ನಿಮಿಷದ ಲೆಕ್ಕ, ಕಡೀಕ 8 ಮಿಲಿಸೆಕೆಂಡಿನ ಅರ್ಜಿ. ಪ್ರೊಫೈಲ್ ಬದಲಾದ ಮ್ಯಾಲೆ ಯಾವ ಅಂಕಿ ನೋಡಿ ಸರಿ ಆತು, ಕೆಟ್ಟತು ಅನ್ಬೇಕು?

ಮಾಂಡವಿ_ದಂಡೆ (ಪಣಜಿ)

ಇಎಸ್ ಒಂದನ್ನೇ ನೋಡಿ. ಆರ್‌ಎಸ್‌ಕರ್ ಹೋಲಿಸಬೇಡಿ: ಡಿ 32 ಆದ ಮೇಲೆ ಒಂದು ಸಿಡಿತಕ್ಕೆ ತಾಗುವುದು 64ರ ಬದಲು 32 ಕೋಡ್‌ವರ್ಡ್, ಆದ್ದರಿಂದ ಲೈನು ಸುಧಾರಿಸದಿದ್ದರೂ ಆ ಎಣಿಕೆ ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಮೂರು ದಿನದ ಇಎಸ್ ಸರಾಸರಿ ದಿನಕ್ಕೆ ನೂರರ ಒಳಗಿದ್ದರೆ ಇರಲಿ ಬಿಡಿ. ಗಂಟೆಗೆ ನೂರಾದರೆ ಹಳೆಯ ಪ್ರೊಫೈಲ್ ವಾಪಸ್ ಕೇಳಿ.